ಮೊದಲ ಸಾಲಿನ ಡಬ್ಬಿ

ಯಾರ ದನಿಯನ್ನಾದರೂ ತೆಗೆಯುತ್ತೇನೆ ಎಂಬುದೊಂದೇ ನನ್ನ ವಿದ್ಯೆ. ಬಿಸಿಎ ಪದವಿ ಅದರ ನಂತರದ್ದು. ಕಾರವಾರದಿಂದ ಅಂಕೋಲಾಕ್ಕೆ ಹೋಗುವ ಬಸ್ಸಿನ ಕಂಡಕ್ಟರು 'ಅವರ್ಸಾ ಯಾರಿದ್ರಿ, ಮುಂದೆ ಬನ್ನಿ, ಆಮೇಲೆ ಮುಂದಿನ ಸ್ಟಾಪಿಗೆ ಹೋಗಿ ನನ್ನ ಬೈಬೇಡಿ' ಅನ್ನುವುದನ್ನು ಹಿಂದಿನ ಸೀಟಿನಲ್ಲಿ ಕೂತು ನಾನು ಅಂದರೆ, ಇಬ್ಬರಾದರೂ ಚೀಲ ಎತ್ತಿಕೊಂಡು ಬಾಗಿಲಿಗೆ ಬರುತ್ತಾರೆ. ನಮ್ಮ ಆಫೀಸಿನ ಮಾಲಕರ ದನಿಯಲ್ಲಿ ಮಾಲಕರ ಹೆಂಡತಿಗೇ ಫೋನು ಮಾಡಿ, ಸಂಜೆಗೆ ಸುಂಗಟ ತಂದಿಡು ಎಂದು ಹೇಳಿ, ಅವರು ಮನೆಗೆ ಹೋದಾಗ ಸಿಗಡಿ ಸಾರು ಕಾಯುತ್ತಿದ್ದದ್ದೂ ಉಂಟು. ಕಾಗೆಯನ್ನು ಎರಡು ಥರ ಕೂಗುತ್ತೇನೆ. ಒಂದು ಸುಮ್ಮನೆ ಕರೆಯುವ ಕಾಗೆ. ಇನ್ನೊಂದು ತನ್ನವರಲ್ಲಿ ಒಂದು ಸತ್ತಾಗ ಕೂಗುವ ಕಾಗೆ. ಈ ಎರಡನೆಯದನ್ನು ಚಿತ್ತಾಕುಲದ ನಮ್ಮ ಮನೆಯ ಹಿಂದೆ ಒಮ್ಮೆ ಕೂಗಿದೆ. ಮಾಡಿನ ತುಂಬ ಕಾಗೆ ಬಂದು ಕೂತವು. ಆಯಿ ಕಸಬರಿಗೆ ಹಿಡಿದು ಓಡಿಸಿದ್ದು ಅವುಗಳನ್ನಲ್ಲ, ನನ್ನನ್ನು.

ಇಷ್ಟೆಲ್ಲ ಮೊದಲೇ ಹೇಳಿಕೊಳ್ಳುವುದು ಜಂಭಕ್ಕೆ ಅಂತ ತಿಳಿದರೆ ತಿಳಿಯಿರಿ, ಅದೂ ಸ್ವಲ್ಪ ಇದೆ. ಆದರೆ ಮುಂದೆ ಭೂತ ಯಾರು ಎಂಬ ಮಾತು ಬಂದಾಗ ನೀವು ನನ್ನ ಕಡೆ ತಿರುಗಿ ನೋಡಬೇಕಾದೀತು. ಅದಕ್ಕೆ.

ನಮ್ಮ ಆಫೀಸು ಕಾರವಾರದಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮೇಲೆ. ಮಾಲಕರು, ನಾನು, ಮತ್ತೆ ನನ್ನ ಗೆಳೆಯ. ಮೂವರೇ. ಲಾಡ್ಜುಗಳಿಗೆ ವೆಬ್‌ಸೈಟು, ಸೊಸೈಟಿಗಳಿಗೆ ಬಿಲ್ಲಿನ ಸಾಫ್ಟ್‌ವೇರು, ಇಂಥ ಕೆಲಸ. ಗೆಳೆಯ ಅವರ್ಸಾದವನು. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುವವನು. ನನಗಿಂತ ಚೆನ್ನಾಗಿ ಕೋಡ್ ಬರೆಯುತ್ತಿದ್ದ, ನನಗಿಂತ ಸೋಮಾರಿ. ಇವೆರಡೂ ಒಂದೇ ಕಡೆಯಿಂದ ಬಂದ ಗುಣ ಅಂತ ಅವನ ವಾದ.

ಅವನ ಆಯಿ ಅವರ್ಸಾದಲ್ಲಿ ಹೆದ್ದಾರಿಯ ಪಕ್ಕ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಅಡುಗೆಮನೆ ನಡೆಸುತ್ತಾಳೆ. ನಾನು ಅವಳನ್ನು ಚಿಕ್ಕಮ್ಮ ಅನ್ನುವ ಹಾಗೆ ಮಾವಶಿ ಅಂತ ಕರೆಯುವುದು. ಕಾರವಾರದ ಬ್ಯಾಂಕು, ಕಚೇರಿ, ಅಂಗಡಿಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಅಲ್ಲಿಂದ ವ್ಯಾನಿನಲ್ಲಿ ಬರುತ್ತದೆ. ಉಕಡ ಅಂದರೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಮೇಲಿನ ಬಟ್ಟಲಲ್ಲಿ ಒಂದು ತುಂಡು ಬಾಳೆ ಎಲೆಯ ಮೇಲೆ ಹುರಿದ ಮೀನು. ಮೊದಲು ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಿದ್ದರು, ಗಿರಾಕಿಗಳು ಬಾಂಗಡೆ ಮೀನು ಅಂದದ್ದು ಇವರಿಗೆ ಮರೆತು ತಾರ್ಲೆ ಹೋಗಿ ಜಗಳ. ಗೆಳೆಯ ಅದಕ್ಕೊಂದು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟ. ಊಟ ಬೇಕಾದವರು ಬೆಳಿಗ್ಗೆ ಎಂಟರೊಳಗೆ ಮೊಬೈಲಿನಲ್ಲಿ ಒತ್ತಬೇಕು. ಎಂಟು ಹೊಡೆದ ಮೇಲೆ ಮಾವಶಿ ಅಡುಗೆಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಹಸಿರು ಬಟನ್ ಒತ್ತುತ್ತಾಳೆ. ಆ ದಿನದ ಆರ್ಡರೆಲ್ಲ ಒಂದು ಎಕ್ಸೆಲ್ ಫೈಲಾಗಿ ಡೌನ್‌ಲೋಡ್ ಆಗುತ್ತದೆ. ಯಾರು, ಡಬ್ಬಿ ನಂಬರ್ ಎಷ್ಟು, ಯಾವ ಮೀನು, ಎಲ್ಲಿಗೆ. ಅದನ್ನು ಪ್ರಿಂಟ್ ತೆಗೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿ, ಅದರಂತೆ ಕಟ್ಟುವುದು.

ಮಾವಶಿಯ ಕಾನೂನು ಒಂದೇ. ಶೀಟಿನಲ್ಲಿ ಹೆಸರು ಇದ್ದರೆ ಡಬ್ಬಿ ಉಂಟು, ಇಲ್ಲದಿದ್ದರೆ ಇಲ್ಲ. ಈ ಕಾನೂನಿಗೆ ಮೊದಲು ಸಿಕ್ಕಿಬಿದ್ದವನು ಅವಳ ಮಗನೇ. ಬೆಳಿಗ್ಗೆ ಅದೇ ಮನೆಯಲ್ಲಿ ಚಹಾ ಕುಡಿದು, ಅದೇ ಅಂಗಳ ದಾಟಿ ಬಸ್ಸು ಹತ್ತುವವನು ಆರ್ಡರ್ ಒತ್ತಲು ಮರೆಯುತ್ತಿದ್ದ. ಮಧ್ಯಾಹ್ನ ವ್ಯಾನ್ ಬಂದಾಗ ಎಲ್ಲರ ಡಬ್ಬಿ ಇರುತ್ತಿತ್ತು, ಅವನದಿಲ್ಲ. ಫೋನು ಮಾಡಿ ಕೂಗಾಡಿದರೆ ಆ ಕಡೆಯಿಂದ ಸಮಾಧಾನದ ದನಿ.

"ಹೆಸರು ಬರ್ಲಿಲ್ಲ ಮಗಾ. ಮಗ ಅಂದ್ರೆ ಬೇರೆ ಶೀಟು ಉಂಟಾ?"

ಆಗ ಅವನು ನಾನು ಮನೆಯಿಂದ ತಂದ ಚಪಾತಿಗೆ ಕೈ ಹಾಕುತ್ತಿದ್ದ. ಆಮೇಲೆ ಒಂದು ದಿನದಿಂದ ಅವನ ಡಬ್ಬಿ ತಪ್ಪದೆ ಬರತೊಡಗಿತು. ಒಂದನೇ ನಂಬರಿನ ಡಬ್ಬಿ.

"ಈಗ ನೆನಪಿಟ್ಟು ಒತ್ತುತ್ಯಾ?" ಅಂತ ಕೇಳಿದೆ.

"ನಾನು ಒತ್ತೂದಿಲ್ಲ. ಬರ್ತದೆ," ಅಂದ. ಹುಬ್ಬು ಹಾರಿಸಿದ. ನಾನು ಅದೇ ಹುಬ್ಬನ್ನು ಅವನಂತೆಯೇ ಹಾರಿಸಿ ತೋರಿಸಿದೆ. ಕೇಳಬೇಕಾದದ್ದನ್ನು ಕೇಳಲಿಲ್ಲ. ಅಣಕಿಸುವವನಿಗೆ ಇದೊಂದು ರೋಗ, ಎದುರಿನವನು ಹೇಗೆ ಹೇಳಿದ ಎಂಬುದರಲ್ಲೇ ಕಿವಿ ಇರುತ್ತದೆ.

ಅವನು ಊಟ ಮಾಡುವುದನ್ನು ನೋಡಬೇಕಿತ್ತು. ಸಾರಿಗೆ ಘಮಕ್ಕೆ ಹಾಕಿದ, ಮೆಣಸಿನ ಕಾಳಿನಂಥ ತೆಪ್ಪಲದ ಕಾಯನ್ನು ಒಂದೊಂದಾಗಿ ಚೀಪಿ ಮುಚ್ಚಳದ ಅಂಚಿಗೆ ಸಾಲಾಗಿ ಇಡುತ್ತಿದ್ದ. ಮೀನಿನ ಮುಳ್ಳನ್ನೆಲ್ಲ ಆ ಬಾಳೆ ಎಲೆಯ ತುಂಡಿನಲ್ಲಿಟ್ಟು, ನಾಲ್ಕು ಮೂಲೆ ಒಳಗೆ ಮಡಚಿ, ಎಲೆಯಡಿಕೆ ಕವಳದ ಹಾಗೆ ಪೊಟ್ಟಣ ಮಾಡಿ, ಖಾಲಿ ಬಟ್ಟಲಿನ ನಡುವೆ ಕೂರಿಸಿ ಡಬ್ಬಿ ಮುಚ್ಚುತ್ತಿದ್ದ. ನಾನು ಎದುರು ಕೂತು ಅದನ್ನೆಲ್ಲ ಅಣಕಿಸುತ್ತಿದ್ದೆ. ತೆಪ್ಪಲ ಚೀಪುವಾಗ ಅವನ ಎಡಗಣ್ಣು ಸ್ವಲ್ಪ ಮುಚ್ಚುತ್ತದೆ, ಅದನ್ನೂ. ಮಾಲಕರು ನಕ್ಕು ನಕ್ಕು ಕೆಮ್ಮುತ್ತಿದ್ದರು. ಅವನು ಮಾತ್ರ ನಗುತ್ತಿರಲಿಲ್ಲ. "ಪೊಟ್ಟಣದ ಎಡ ಮೂಲೆ ಮೊದಲು ಮಡಚಬೇಕು, ಕಲೀ," ಅನ್ನುತ್ತಿದ್ದ.

ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಸಾದಾ ಜ್ವರ ಅಂದರು, ಆಮೇಲೆ ಇಲಿಜ್ವರ ಅಂದರು, ಆಮೇಲೆ ಗೋವಾದ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಅವನು ಮಾತಾಡುತ್ತ ಬರಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯಲಾರೆ. ತಮಾಷೆ ಮಾಡುವ ಜಾಗ ಅಲ್ಲ, ತಮಾಷೆ ಬಿಟ್ಟರೆ ನನಗೆ ಬರೆಯಲು ಬರುವುದಿಲ್ಲ.

ಹದಿಮೂರನೇ ದಿನದ ಊಟ ಮಾಡಿಕೊಂಡು ಬಂದು ನಾನು ಅವನ ಕುರ್ಚಿಯಲ್ಲಿ ಕೂತೆ. ಅವನ ಕೆಲಸವೆಲ್ಲ ನನ್ನ ಪಾಲಿಗೆ ಬಂದಿತ್ತು. ಮೊದಲು ಮಾಡಿದ್ದು, ಆ ಡಬ್ಬಿಯ ಅಪ್ಲಿಕೇಶನ್ ತೆರೆದು ಗಿರಾಕಿಗಳ ಪಟ್ಟಿಯಲ್ಲಿ ಅವನ ಖಾತೆಯನ್ನು ಬಂದ್ ಮಾಡಿದ್ದು. ಮಾವಶಿ ಬೆಳಿಗ್ಗೆ ಆ ಹೆಸರು ನೋಡುವುದು ಬೇಡ ಅಂತ.

ಅಡುಗೆಮನೆ ಮತ್ತೆ ಶುರುವಾದ ದಿನ ವ್ಯಾನಿನ ಡ್ರೈವರು ಮೆಟ್ಟಿಲು ಹತ್ತಿ ಬಂದು ಒಂದು ಡಬ್ಬಿ ನನ್ನ ಮೇಜಿನ ಮೇಲಿಟ್ಟು ಹೋದ. ಒಂದನೇ ನಂಬರು. ಮಗ ಹೋದ ಮೇಲೂ ಮಗನ ಗೆಳೆಯನಿಗೆ ಮಾವಶಿ ಡಬ್ಬಿ ಕಳಿಸುತ್ತಿದ್ದಾಳೆ ಅಂದುಕೊಂಡೆ. ಮರುದಿನವೂ ಬಂತು. ಮನೆಯಲ್ಲಿ ಆಯಿಗೆ ಚಪಾತಿ ಬೇಡ ಅಂದೆ. ಡ್ರೈವರಿನ ಹತ್ತಿರ, "ಮಾವಶಿಗೆ ಹೇಳು, ಮೀನು ಭಾರೀ ಲಾಯ್ಕಿತ್ತು ಅಂತ" ಅನ್ನುತ್ತಿದ್ದೆ. ಅವನು ಯಾವಾಗಲೂ ಕಿವಿಯಲ್ಲಿ ವಯರು ತುರುಕಿಕೊಂಡೇ ಇರುವ ಗಿರಾಕಿ, ತಲೆಯಾಡಿಸುತ್ತಿದ್ದ. ತಲೆಯಾಡಿಸಿದ್ದು ನನ್ನ ಮಾತಿಗೋ ಹಾಡಿಗೋ ಆಮೇಲೆ ಗೊತ್ತಾಯಿತು.

ನಾನು ಅವರ್ಸಾಕ್ಕೆ ಮಾತ್ರ ಹೋಗಲಿಲ್ಲ. ಬಾಯಿ ತೆಗೆದರೆ ಎಲ್ಲಿ ಅವನ ದನಿ ಬಂದುಬಿಡುತ್ತದೋ ಅಂತ ಹೆದರಿಕೆ. ಅದು ಬರುತ್ತಿತ್ತು. ಫೋನು ಎತ್ತಿ 'ಹಾಂ, ಹೇಳಿ' ಅಂದರೆ ಅವನ 'ಹಾಂ' ಬರುತ್ತಿತ್ತು. ಮತ್ತೆ ಊಟ. ಅದು ಶುರುವಾದದ್ದು ತಮಾಷೆಗೇ. ತೆಪ್ಪಲ ಸಾಲಾಗಿ ಇಟ್ಟೆ, ಎಡ ಮೂಲೆ ಮೊದಲು ಮಡಚಿ ಪೊಟ್ಟಣ ಕಟ್ಟಿದೆ, ಬಟ್ಟಲಿನ ನಡುವೆ ಕೂರಿಸಿದೆ. ಅಷ್ಟು ಹೊತ್ತು ಅವನು ಎದುರಿಗೆ ಕೂತ ಹಾಗಾಯಿತು. ಮರುದಿನವೂ ಹಾಗೇ ಮಾಡಿದೆ. ಮಾಲಕರು ಮೊದಮೊದಲು ನಕ್ಕರು, ಆಮೇಲೆ ನಗುವುದು ಬಿಟ್ಟರು, ಆಮೇಲೆ ಊಟದ ಹೊತ್ತಿಗೆ ಕೆಳಗೆ ಝೆರಾಕ್ಸ್ ಅಂಗಡಿಗೆ ಹೋಗಿ ಕೂರತೊಡಗಿದರು. ಡಬ್ಬಿ ಸಂಜೆ ಖಾಲಿಯಾಗಿ ಅವರ್ಸಾಕ್ಕೆ ಮರಳುತ್ತಿತ್ತು.

ಹೀಗೇ ಒಂದು ವರ್ಷ.

ವರ್ಷದ ಕಾರ್ಯಕ್ಕೆ ಮಾವಶಿ ಮಾಲಕರಿಗೆ ಫೋನು ಮಾಡಿ, "ಅವನ ದೋಸ್ತನನ್ನು ಕಳಿಸಿ" ಅಂದಳಂತೆ. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹೋದೆ. ಮನೆಯ ಹಿಂದೆ ಬಾವಿಕಟ್ಟೆಯ ಮೇಲೆ ಬಾಳೆ ಎಲೆ ಹಾಕಿ ಎಡೆ ಇಟ್ಟಿದ್ದರು. ಅನ್ನ, ಹುರಿದ ಬಾಂಗಡೆ, ಕೋಕಂ ಹುಳಿಯ ಸೋಲ್ ಕಡಿ, ಅವನಿಗೆ ಪ್ರೀತಿಯ ಖಾರಾ ಬಿಸ್ಕಿಟು. ನಮ್ಮ ಕಡೆ ಆ ದಿನ ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಹೋದವನು ಸಮಾಧಾನದಿಂದ ಹಿರಿಯರನ್ನು ಸೇರಿಕೊಂಡ ಅಂತ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಅಂತ. ಆಗ ಮನೆಯವರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಮಾತು ಕೊಡುತ್ತಾರೆ.

ಕಾಗೆ ಎದುರಿನ ತೆಂಗಿನ ಗರಿಯ ಮೇಲೆ ಕೂತಿತ್ತು. ಇಳಿಯಲಿಲ್ಲ.

"ನಿನ್ನ ತಂಗಿ ಮದ್ವೆ ಚಂದ ಮಾಡ್ತೇವೆ, ಬಾ," ಅಂದಳು ಸೋದರತ್ತೆ. ಕಾಗೆ ಕೊಕ್ಕು ಉಜ್ಜಿಕೊಂಡಿತು.

"ನಿನ್ನ ಬೈಕು ಮಾರೂದಿಲ್ಲ," ಅಂದ ಮಾವ. ಅದೂ ಆಗಲಿಲ್ಲ. ಬೈಕಿಗೆ ಆಗಲೇ ಗಿರಾಕಿ ನೋಡಿದ್ದರು ಅಂತ ಹಿಂದಿನಿಂದ ಯಾರೋ ಗೊಣಗಿದರು.

ಹೊತ್ತು ಏರಿತು. ಅನ್ನ ಒಣಗಿತು. ಸೋದರತ್ತೆ ನನ್ನ ಕಡೆ ತಿರುಗಿದಳು. "ನಿಂಗೆ ಕಾಗೆ ಕೂಗೂಕೆ ಬರ್ತದಲ್ಲ. ಒಂದು ಸಲ ಕರಿ ಮಾರಾಯ."

ನಾನು ಬಾಯಿ ತೆಗೆದಿದ್ದೆ. ಮಾವಶಿ ಕೈ ಅಡ್ಡ ಹಿಡಿದಳು. "ಬೇಡ. ಸುಳ್ಳು ಹೇಳಿ ಕರೆಯೂದು ಬೇಡ. ಅವ ಯಾಕೆ ಬರೂದಿಲ್ಲ ಅಂತ ನಂಗೆ ಗೊತ್ತುಂಟು."

ಮೀನು ತೆಗೆದು ಎಲೆಯನ್ನು ಕೊನೆಗೆ ಆಕಳಿಗೆ ಕೊಟ್ಟರು. ಎಲ್ಲರೂ ಊಟಕ್ಕೆ ಕೂತಾಗ ಮಾವಶಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಒಲೆಯ ಮೇಲಿನ ಗೋಡೆಯಲ್ಲಿ ಹಿಂದಿನ ದಿನದ ಶೀಟು ಇತ್ತು.

"ಓದು," ಅಂದಳು.

ತಲೆಬರಹದ ಕೆಳಗೆ ಮೊದಲ ಸಾಲಿನಲ್ಲಿ ಅವನ ಹೆಸರು. ಡಬ್ಬಿ ನಂಬರ್ ಒಂದು. ಬಾಂಗಡೆ, ತೆಪ್ಪಲ ಜಾಸ್ತಿ. ಎಲ್ಲಿಗೆ ಅನ್ನುವಲ್ಲಿ, ಆಫೀಸು.

"ಅಡುಗೆಮನೆ ತೆರೆದ ದಿನದಿಂದ ಬರ್ತದೆ. ದಿನಾ. ನೀವು ಆಫೀಸಿನೋರು ಅವನ ಮರ್ಯಾದಿಗೆ ಇಟ್ಟಿದ್ದೀರಿ ಅಂತ ಇವ್ರೆಲ್ಲ ಹೇಳಿದ್ರು. ಹೆಸರು ಬಂದ ಮೇಲೆ ಕಟ್ಟೂದೇ. ಕಟ್ಟಿದೆ, ಕಳಿಸಿದೆ. ನೀ ಇಟ್ಟದ್ದಾ?"

"ಇಲ್ಲ ಮಾವಶಿ. ನಾನು ಅವತ್ತೇ ತೆಗೆದಿದ್ದೇನೆ."

ಅವಳು ಕಪಾಟಿನಿಂದ ಒಂದನೇ ನಂಬರಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

"ಇದು ಸಂಜೆ ಖಾಲಿ ಬರ್ತದೆ ತಮಾ. ನಾನೇ ತೆರೆಯೂದು, ಬೇರೆಯೋರಿಗೆ ಕೊಡೂದಿಲ್ಲ. ಮುಚ್ಚಳದ ಮೇಲೆ ತೆಪ್ಪಲ ಸಾಲಾಗಿ. ಮುಳ್ಳಿನ ಪೊಟ್ಟಣ ನಡೂವಿಗೆ, ಎಡಮೂಲೆ ಒಳಗೆ. ಅವ ಸಣ್ಣಿದ್ದಾಗ ನಾನೇ ಕಲಿಸಿದ್ದು, ಮುಳ್ಳು ಕಾಲಿಗೆ ಚುಚ್ಚಬಾರ್ದು ಅಂತ. ಲೋಕದಲ್ಲಿ ಬೇರೆ ಯಾರು ಹಾಗೆ ಕಟ್ತಾರೆ? ಡ್ರೈವರಿನ ಹತ್ರ ಅಲ್ಲಿ ಯಾರು ಉಣ್ತಾರೆ ಅಂತ ಕೇಳ್ಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂತು. ಕೇಳ್ಲಿಲ್ಲ."

ನಾನು ಶೀಟಿನ ಮೊದಲ ಸಾಲನ್ನು ಇನ್ನೊಮ್ಮೆ ಓದಿದೆ.

"ಮೊದಲು ಹೆದರಿಕೆ ಆಯ್ತು. ಆಮೇಲೆ, ಸುಳ್ಳು ಯಾಕೆ, ಖುಷಿ ಆಯ್ತು. ಉಣ್ತಾನಲ್ಲ ಅಂತ. ಆದ್ರೆ ವರ್ಷ ತುಂಬ್ತು. ಇನ್ನೂ ಇಲ್ಲೇ ಡಬ್ಬಿ ತಿಂತಾ ಕೂತ್ರೆ ಅವ ಮುಂದೆ ಹೋಗೂದು ಯಾವಾಗ? ಇಲ್ಲಿ ಹೊಟ್ಟೆ ತುಂಬಿದವ ಆ ಎಡೆ ಮುಟ್ಟೂದು ಯಾಕೆ? ನಂಗೆ ಅವ ಬೇಕು ಅಂತ ನಾನೇ ಕಟ್ಟಿ ಹಾಕಿದ ಹಾಗಾಯ್ತು." ಅವಳು ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದಳು. "ಆ ಹೆಸರು ಬರದ ಹಾಗೆ ಮಾಡು ಮಗಾ. ಅವನಿಗೆ ದಾರಿ ಬಿಡು."

ಆಗಲೇ ಹೇಳಬೇಕಿತ್ತು. ನೂರು ಜನರ ದನಿ ಇದ್ದ ಗಂಟಲಿನಿಂದ ಒಂದೂ ಬರಲಿಲ್ಲ. ಹೇಳುವ ಹೆದರಿಕೆಗಿಂತ ದೊಡ್ಡದು ಇನ್ನೊಂದು. ಡಬ್ಬಿ ಖಾಲಿ ಮಾಡಿದವನು ನಾನು, ಸರಿ. ಹೆಸರು ಕಳಿಸಿದವನು ಯಾರು?

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದವನೇ ಕೂತೆ. ಗಿರಾಕಿಗಳ ಪಟ್ಟಿಯಲ್ಲಿ ಅವನ ಖಾತೆ ಬಂದ್. ಆರ್ಡರಿನ ಪಟ್ಟಿಯಲ್ಲಿ ವರ್ಷದಿಂದ ಅವನದು ಒಂದೂ ಇಲ್ಲ. ತಿಂಗಳ ಬಿಲ್ಲು ಆ ಪಟ್ಟಿಯಿಂದಲೇ ಬರುವುದರಿಂದ ಅಲ್ಲಿಯೂ ಅವನಿಲ್ಲ, ಅದಕ್ಕೇ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಪರದೆಯ ಮೇಲೆ ಎಲ್ಲಿ ಹುಡುಕಿದರೂ ಇಲ್ಲ. ಹಸಿರು ಬಟನ್ ಒತ್ತಿದೆ. ಫೈಲು ಇಳಿಯಿತು. ತೆರೆದೆ. ಮೊದಲ ಸಾಲಿನಲ್ಲಿ ಅವನು.

ಖಾತೆಯನ್ನು ಡೇಟಾಬೇಸಿನಿಂದಲೇ ಪೂರ್ತಿ ಅಳಿಸಿದೆ. ಮತ್ತೆ ಒತ್ತಿದೆ. ಅವನು.

ಮಾಲಕರನ್ನು ಕರೆದೆ. ಅವರು ಎಲ್ಲದಕ್ಕೂ 'ಟೆಕ್ನಿಕಲಿ' ಹಚ್ಚುವ ಮನುಷ್ಯ. "ಟೆಕ್ನಿಕಲಿ ಇದು ಸಾಧ್ಯನೇ ಇಲ್ಲ" ಅಂದರು. ಅವರ ಕಂಪ್ಯೂಟರಿನಲ್ಲಿ ಒತ್ತಿ ನೋಡಿದರು. ಎದ್ದು ನಿಂತರು. "ಟೆಕ್ನಿಕಲಿ ಒಂದು ಕಾಯಿ ಒಡೆದು ಬಿಡುವಾ ಅಂತ" ಅಂದು, ಚಪ್ಪಲಿ ಮೆಟ್ಟಿ ಕೆಳಗೆ ಹೋದರು.

ಒಬ್ಬನೇ ಉಳಿದೆ. ಬೇರೆ ಬೇರೆ ದಿನಗಳ ಫೈಲು ಇಳಿಸಿ ನೋಡಿದೆ. ಅಡುಗೆಮನೆಗೆ ರಜೆ ಇರುವ, ಯಾರೂ ಊಟ ಕೇಳದ ಒಂದು ಭಾನುವಾರದ ತಾರೀಕು ಹಾಕಿದೆ. ಖಾಲಿ ಶೀಟು ಬರಬೇಕಿತ್ತು. ಬಂದದ್ದರಲ್ಲಿ ಒಬ್ಬನೇ ಇದ್ದ. ಅಡುಗೆಮನೆಯೇ ಶುರುವಾಗದಿದ್ದ ಕಾಲದ ತಾರೀಕು ಹಾಕಿದೆ, ಆಗಲೂ ಇದ್ದ. ಸುಮ್ಮನಿರಲಾರದೆ, ನನಗೆ ಅರವತ್ತು ತುಂಬುವ ವರ್ಷದ ಒಂದು ದಿನ ಹಾಕಿ ಒತ್ತಿದೆ. ಬೇಯಿಸುವವರಿಲ್ಲ, ಉಣ್ಣುವವರಿಲ್ಲ, ಬ್ಯಾಂಕಿನವರಿಲ್ಲ, ಯಾರೂ ಇಲ್ಲದ ಬಿಳೀ ಹಾಳೆಯ ತಲೆಗೆ ಅವನು. ಬಾಂಗಡೆ, ತೆಪ್ಪಲ ಜಾಸ್ತಿ. ಹೊರಗೆ ಹಗಲು, ಕೆಳಗೆ ಝೆರಾಕ್ಸ್ ಮಶೀನಿನ ಸದ್ದು, ರಸ್ತೆಯಲ್ಲಿ ಮಲ್ಲಾಪುರದ ಬಸ್ಸಿನ ಹಾರ್ನು. "ಮಾರಾಯ, ಏನು ಬೇಕು ಹೇಳು," ಅಂದೆ. ಅಂದದ್ದು ಅವನದೇ ದನಿಯಲ್ಲಿ ಬಂತು. ಅದು ಇನ್ನೂ ಕೆಟ್ಟದಾಯಿತು.

ಅಷ್ಟರಲ್ಲಿ ಡ್ರೈವರು ಬಂದು ಒಂದನೇ ನಂಬರು ಡಬ್ಬಿ ಇಟ್ಟು ಹೋದ.

ಅದನ್ನು ಮುಟ್ಟಲಿಲ್ಲ. ತಿಂದರೆ ಸಂಜೆ ಖಾಲಿ ಡಬ್ಬಿ ಅವಳ ಮುಂದೆ ತೆರೆಯುತ್ತದೆ. ತಿನ್ನದಿದ್ದರೆ ತುಂಬಿದ ಡಬ್ಬಿ ತೆರೆಯುತ್ತದೆ. ಯಾವುದು ಹೆಚ್ಚು ಕ್ರೂರ ಅಂತ ತೂಗುತ್ತ ಕೂತೆ. ಮೀನಿನ ವಾಸನೆ ಮುಚ್ಚಳದ ಸಂದಿಯಿಂದ ಬರುತ್ತಿತ್ತು. ಹಸಿವೆ ಬೇರೆ ಆಗುತ್ತಿತ್ತು, ನಾಚಿಕೆಯಿಲ್ಲದ ಹೊಟ್ಟೆ. ಕೊನೆಗೆ ತೆರೆಯದೆಯೇ ಕಳಿಸಿದೆ.

ಆಮೇಲೆ ಅವನು ಬರೆದ ಕೋಡನ್ನು ಮೊದಲಿನಿಂದ ಓದತೊಡಗಿದೆ. ಅದನ್ನು ಮೊದಲೇ ಮಾಡಬೇಕಿತ್ತು. ಅವನು ಬರೆದದ್ದನ್ನು ಓದಿದರೆ ಅವನು ಮಾತಾಡಿದ ಹಾಗೆ ಕೇಳುತ್ತದೆ ಅಂತ ವರ್ಷವಿಡೀ ತಪ್ಪಿಸಿಕೊಂಡಿದ್ದೆ, ಮೇಲಿಂದ ಮೇಲೆ ತೇಪೆ ಹಚ್ಚಿ ದಿನ ನೂಕಿದ್ದೆ. ಫೈಲು ತಯಾರಿಸುವ ಭಾಗಕ್ಕೆ ಬಂದೆ. ಅಲ್ಲಿ ಕಂಪ್ಯೂಟರು ಲೆಕ್ಕಕ್ಕೆ ತೆಗೆದುಕೊಳ್ಳದ, ಓದುವವರಿಗಷ್ಟೇ ಬರೆಯುವ ಟಿಪ್ಪಣಿಯೊಂದು ಇತ್ತು.

'ಆರ್ಡರು ಮೂರನೇ ಸಾಲಿಂದ ಶುರು. ಯಾಕೆ ಅಂತ ಕೇಳಬೇಡ ಮಂಗ್ಯಾ.'

ಮಂಗ್ಯಾ ಅಂತ ಅವನು ಕರೆಯುತ್ತಿದ್ದದ್ದು ನನ್ನನ್ನೇ. ಈ ಕೋಡು ಒಂದು ದಿನ ನನ್ನ ಕೈಗೆ ಬರುತ್ತದೆ ಅಂತ ಅವನಿಗೆ ಗೊತ್ತಿತ್ತೋ, ಅಥವಾ ಜಗತ್ತಿನಲ್ಲಿ ಕೋಡು ಓದುವವರೆಲ್ಲ ಅವನ ಲೆಕ್ಕದಲ್ಲಿ ಮಂಗ್ಯಾಗಳೋ. ಆದರೆ ಮೊದಲ ಸಾಲು ತಲೆಬರಹವಾದರೆ ಆರ್ಡರು ಎರಡನೆಯದರಿಂದ ಶುರುವಾಗಬೇಕಲ್ಲ. ಎರಡನೇ ಸಾಲನ್ನು ಯಾರಿಗೆ ಬಿಟ್ಟ?

ಅವನು ಪ್ರತಿದಿನ ಶೀಟನ್ನು ಹೊಸದಾಗಿ ಮಾಡುತ್ತಿರಲಿಲ್ಲ. ಸೋಮಾರಿ. ಅಡುಗೆಮನೆಯ ಹೆಸರು, ಗೆರೆ, ಅಗಲ, ಬಣ್ಣ ಎಲ್ಲ ಮೊದಲೇ ಹಾಕಿದ ಒಂದು ಮಾದರಿ ಫೈಲನ್ನು ಸರ್ವರಿನ ಮೂಲೆಯಲ್ಲಿ ಇಟ್ಟಿದ್ದ. ಬಟನ್ ಒತ್ತಿದಾಗ ಪ್ರೋಗ್ರಾಮು ಅದರ ಪ್ರತಿ ತೆಗೆದು, ಆ ದಿನದ ಆರ್ಡರುಗಳನ್ನು ಕೆಳಗೆ ತುಂಬಿ ಕೊಡುತ್ತಿತ್ತು. ಆ ಮಾದರಿಯನ್ನು ತೆರೆದೆ. ತಲೆಬರಹದ ಕೆಳಗೆ ತನ್ನ ಹೆಸರನ್ನು ತಾನೇ ಟೈಪ್ ಮಾಡಿ ಕೂರಿಸಿದ್ದ. ಡಬ್ಬಿ ಒಂದು. ಬಾಂಗಡೆ. ತೆಪ್ಪಲ ಜಾಸ್ತಿ. ಆಫೀಸು.

ಆರ್ಡರ್ ಒತ್ತಲು ಮರೆತು ಉಪವಾಸ ಬಿದ್ದವನು ಆಯಿಯ ಕಾನೂನಿಗೆ ಕಂಡುಕೊಂಡ ಉಪಾಯ. ನಾನು ಒತ್ತೂದಿಲ್ಲ, ಬರ್ತದೆ. ಒಬ್ಬನೇ ಕೂತು ನಕ್ಕೆ. ನಗುವಾಗ ಅವನ ನಗುವೇ ಬಂತು. ತಡೆಯಲಿಲ್ಲ, ಬರಲಿ ಅಂತ ಬಿಟ್ಟೆ.

ಸಂಜೆ ಫೋನು ಬಂತು. ಮಾವಶಿ. ಎತ್ತುವ ಮೊದಲು ಎರಡು ಸಲ ಗಂಟಲು ಸರಿ ಮಾಡಿಕೊಂಡೆ, ನನ್ನ ದನಿ ಸಿಗಲಿ ಅಂತ.

"ಡಬ್ಬಿ ತುಂಬಿ ಬಂತು," ಅಂದಳು. "ತಿನ್ಲಿಲ್ಲ. ಹೋದ್ನಾ?"

ಕೇಳಿದ ರೀತಿಯನ್ನು ನಾನು ಯಾರಿಗೂ ಅಣಕಿಸಿ ತೋರಿಸಿಲ್ಲ.

"ನಾಳೆ ಬರ್ತೇನೆ ಮಾವಶಿ. ಬಂದು ಹೇಳ್ತೇನೆ," ಅಂದೆ.

ಮರುದಿನ ಅವರ್ಸಾದಲ್ಲಿ ಬಸ್ಸು ಇಳಿದಾಗ ಡಬ್ಬಿಯ ವ್ಯಾನು ಕಾರವಾರಕ್ಕೆ ಹೊರಟಾಗಿತ್ತು. ಮಾವಶಿ ನನ್ನನ್ನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂರಿಸಿದಳು. ಮೊದಲು ಹೆಸರಿನ ಸಂಗತಿ ಹೇಳಿದೆ. ಮಾದರಿ ಫೈಲು ಅಂದರೆ ಏನು ಅಂತ ಅವಳಿಗೆ ಹೇಳುವುದು ಕಷ್ಟವಾಗಲಿಲ್ಲ. "ಚಕ್ಕುಲಿ ಒತ್ತುವ ಬಿಲ್ಲೆ ಇದ್ದ ಹಾಗೆ ಮಾವಶಿ. ಹಿಟ್ಟು ಯಾವುದೇ ಹಾಕು, ಅದೇ ಆಕಾರ ಬರ್ತದೆ. ಅವ ಬಿಲ್ಲೆಯಲ್ಲೇ ತನ್ನ ಹೆಸರು ಕೊರೆದಿಟ್ಟಿದ್ದ."

"ಕಳ್ಳ," ಅಂದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ದಿನಾ ಮರೆಯೂದು ನಿಂತದ್ದು ಹೆಂಗೆ ಅಂತ ನಂಗೂ ಆಶ್ಚರ್ಯ ಆಗಿತ್ತು."

ಆಮೇಲೆ ಡಬ್ಬಿಯ ಸಂಗತಿ ಹೇಳಿದೆ. ನನಗೇ ಕಳಿಸುತ್ತಿದ್ದೀಯ ಅಂದುಕೊಂಡೆ, ತಿಂದೆ, ಅವನು ಮಾಡಿದ ಹಾಗೇ ಮಾಡಿದೆ, ಪೊಟ್ಟಣ ಕಟ್ಟಿದೆ. ಅವಳ ಮುಖ ನೋಡದೆ ಹೇಳಿದೆ. ಹೇಳಿ ಮುಗಿದರೂ ನೋಡಲಿಲ್ಲ.

ಅವಳು ಕೇಳಿದಳು. "ದಿನಾ ನೀನೇನಾ?"

"ದಿನಾ."

"ಗಣಪತಿ ಹಬ್ಬದ ಮರುದಿನ ಪೊಟ್ಟಣದೊಳಗೆ ಒಂದು ಖಾರಾ ಬಿಸ್ಕಿಟಿನ ತುಂಡು ಇತ್ತು. ಅದೂ?"

"ಅವ ಹಾಗೆ ಮಾಡ್ತಿದ್ದ ಮಾವಶಿ. ನೆನಪಾಯ್ತು, ಇಟ್ಟೆ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಆ ಬೈಗುಳವನ್ನು ಮನೆಗೆ ಒಯ್ದು, ಅಣಕಿಸಿ ಹಗುರಾಗುತ್ತಿದ್ದೆ. ಅವಳು ಅಂಗಳದ ಕಡೆ ನೋಡುತ್ತ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಅಂದಳು. "ಹಾಗಾದ್ರೆ ನನ್ನ ಮಗ ವರ್ಷ ಪೂರ್ತಿ ಏನೂ ತಿನ್ಲಿಲ್ಲ."

ಇದು ನನಗೆ ಹೊಳೆದೇ ಇರಲಿಲ್ಲ. ನಾನು ಭೂತ ಬಿಡಿಸಲು ಹೋಗಿದ್ದೆ. ಅವಳ ಲೆಕ್ಕದಲ್ಲಿ ನಾನು ಅವನ ಬಾಯಿಂದ ಅನ್ನ ತೆಗೆದಿದ್ದೆ.

ಒಳಗಿನಿಂದ ಯಾರೋ ಪಾತ್ರೆ ಇಟ್ಟ ಸದ್ದಾಯಿತು. ಮಾವಶಿ ಎದ್ದಳು. ಒಂದನೇ ನಂಬರಿನ ಡಬ್ಬಿ ಆ ದಿನವೂ ಕಟ್ಟಿತ್ತು, ವ್ಯಾನಿಗೆ ಕೊಟ್ಟಿರಲಿಲ್ಲ. ಅದನ್ನು ಹಿಡಿದು ಬಾವಿಕಟ್ಟೆಗೆ ಹೋದಳು. ನಾನು ಹಿಂದೆ ಹೋದೆ. ಎಲೆ ಹಾಸಿ ಅನ್ನ ಸುರಿದು, ಸಾರು ಹಾಕಿ, ಮೀನು ಇಟ್ಟಳು. ಭಟ್ಟರಿಲ್ಲ, ಮುಹೂರ್ತ ಇಲ್ಲ. ತೆಂಗಿನ ಗರಿಯಲ್ಲಿ ಕಾಗೆಯೂ ಇರಲಿಲ್ಲ.

"ಕರಿ," ಅಂದಳು.

"ಅವತ್ತು ನೀನೇ ಬೇಡ ಅಂದಿದ್ದೆ."

"ಅವತ್ತು ಅವ ಉಂಡಿದಾನೆ ಅಂತ ತಿಳಿದಿದ್ದೆ. ಇವತ್ತು ಹಸಿದಿದಾನೆ ಅಂತ ಗೊತ್ತುಂಟು. ಕರಿ. ಆದ್ರೆ ಅವನ ದನಿ ತೆಗೀಬೇಡ. ಕೈ ಮುಗೀತೇನೆ."

ಕರೆಯುವ ಕಾಗೆಯ ಕೂಗು ಕೂಗಿದೆ. ಜೀವನದಲ್ಲಿ ಇಷ್ಟು ಕೆಟ್ಟದಾಗಿ ಯಾವತ್ತೂ ಕೂಗಿಲ್ಲ. ಒಡೆದ ಪೀಪಿಯ ಹಾಗೆ ಬಂತು. ಪಕ್ಕದ ಹಿತ್ತಲಿನ ಕೋಳಿ ತಲೆ ಎತ್ತಿ ನೋಡಿತು. ಇನ್ನೊಮ್ಮೆ ಕೂಗಿದೆ. ಆಮೇಲೆ ಕೂಗಲು ಆಗಲಿಲ್ಲ, ಮಾತೇ ಬಂತು. ಯಾರ ದನಿಯೂ ಅಲ್ಲದ, ತೊದಲುವ ಒಂದು ದನಿ. ಬಹುಶಃ ಅದೇ ನನ್ನದು.

"ನಿನ್ನ ಸಾಲು ತೆಗೀತೇನೆ ಮಾರಾಯ. ಇನ್ನು ಆರ್ಡರ್ ಬೇಡ. ಬಂದು ಊಟ ಮಾಡು."

ನಾವು ಮೆಟ್ಟಿಲಿಗೆ ಮರಳಿ ಕೂತೆವು. ಮಾವಶಿ ಆ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ರೆಕ್ಕೆಯ ಸದ್ದು ಕೇಳಿತು. ಮೀನಿನ ವಾಸನೆಗೆ ಬಂದ ಕಾಗೆ ಅಂತ ಹೇಳಲು ಬಿಸಿಎ ಬೇಕಾಗಿಲ್ಲ. ನಾನು ಹೇಳಲಿಲ್ಲ. ಮಾವಶಿಯ ಕೈ ನನ್ನ ಮಣಿಕಟ್ಟು ಹಿಡಿದಿತ್ತು, ಸದ್ದು ನಿಲ್ಲುವವರೆಗೂ ಬಿಡಲಿಲ್ಲ. ಆಮೇಲೆ ಎದ್ದು ಹೋಗಿ ಎಲೆ ನೋಡಿದಳು. ಬಾಂಗಡೆ ಇರಲಿಲ್ಲ. ಸಾರಿನ ತೆಪ್ಪಲದ ಕಾಯಿಗಳು ಎಲೆಯ ಅಂಚಿಗೆ ಹೋಗಿ ಬಿದ್ದಿದ್ದವು. ಸಾಲಾಗಿ ಇದ್ದವೋ ಸುಮ್ಮನೆ ಚೆಲ್ಲಿದ್ದವೋ, ನಾನು ಹತ್ತಿರ ಹೋಗುವುದರೊಳಗೆ ಅವಳು ಎಲೆ ಮಡಚಿಬಿಟ್ಟಳು. ಎಡ ಮೂಲೆ ಮೊದಲು.

ಅದೇ ಸಂಜೆ ಮಾದರಿ ಫೈಲಿನಿಂದ ಅವನ ಹೆಸರು, ಡಬ್ಬಿ, ಮೀನು, ತೆಪ್ಪಲ, ಆಫೀಸು, ಒಂದೊಂದನ್ನೇ ಅಳಿಸಿದೆ. ಬೆಳಿಗ್ಗೆ ಎಂಟು ಹೊಡೆದ ಮೇಲೆ ಫೋನು ಬಂತು.

"ಹೆಸರು ಇಲ್ಲ," ಅಂದಳು ಮಾವಶಿ. "ಆದ್ರೆ ಮೇಲೆ ಒಂದು ಸಾಲು ಖಾಲಿ ಬಂದಿದೆ. ಅದ್ಯಾಕೆ?"

ಯಾಕೆಂದರೆ ಪ್ರೋಗ್ರಾಮಿನಲ್ಲಿ ಆರ್ಡರು ಇನ್ನೂ ಮೂರನೇ ಸಾಲಿನಿಂದಲೇ ಶುರುವಾಗುತ್ತದೆ. ಮೂರನ್ನು ಎರಡು ಮಾಡಿದರೆ ಆಯಿತು. ಒಂದೇ ಅಂಕಿ. ನಾನು ಆ ಟಿಪ್ಪಣಿಯ ಮೇಲೆ ಕೈಯಿಟ್ಟು ಕೂತು, ಮಾಡದೆ ಎದ್ದಿದ್ದೆ.

"ಸರಿ ಮಾಡ್ಲಾ ಮಾವಶಿ?"

ಆ ಕಡೆ ಒಗ್ಗರಣೆಯ ಸದ್ದು ಕೇಳುತ್ತಿತ್ತು.

"ಇರ್ಲಿ," ಅಂದಳು. "ನೀ ನಾಳೆಯಿಂದ ಎಂಟರೊಳಗೆ ಒತ್ತು. ಹೆಸರು ಬಂದ್ರೆ ಮಾತ್ರ ಡಬ್ಬಿ. ಬೇರೆ ನಂಬರಿನದು."

ಒತ್ತುತ್ತೇನೆ. ನನ್ನ ಹೆಸರು ಎಲ್ಲೋ ನಡುವೆ, ಬ್ಯಾಂಕಿನವರ ಕೆಳಗೆ ಬರುತ್ತದೆ. ಡಬ್ಬಿ ಬರುತ್ತದೆ. ತೆರೆದು ನನ್ನ ಹಾಗೆ ತಿನ್ನಬೇಕು ಅಂತ ಕೂರುತ್ತೇನೆ. ಅವನನ್ನು ಅಣಕಿಸುವುದಕ್ಕೆ ಮೊದಲು ನಾನು ಮೀನು ಹೇಗೆ ತಿನ್ನುತ್ತಿದ್ದೆ, ಮುಳ್ಳು ಎಲ್ಲಿಡುತ್ತಿದ್ದೆ ಎಂಬುದು ನನಗೆ ನೆನಪಾಗುತ್ತಿಲ್ಲ. ಆಯಿಯನ್ನು ಕೇಳಿದೆ. "ಹಂದಿಯ ಹಾಗೆ ತಿಂತಿದ್ದೆ," ಅಂದಳು, ಅಷ್ಟರಿಂದ ಏನೂ ತಿಳಿಯಲಿಲ್ಲ. ಆದ್ದರಿಂದ ಕೈ ತಾನಾಗಿ ಎಲೆಯ ಎಡ ಮೂಲೆಗೆ ಹೋದಾಗ ಅದನ್ನು ಹಿಡಿದು ನಿಲ್ಲಿಸಿ, ಮುಳ್ಳನ್ನೆಲ್ಲ ಬಟ್ಟಲಿನ ತುಂಬ ಚೆಲ್ಲಿ, ಮುಚ್ಚಿ ಕಳಿಸುತ್ತೇನೆ.

ಮೊದಲ ದಿನ ಸಂಜೆ ಅವಳು ಫೋನು ಮಾಡಿದ್ದಳು. "ಇವತ್ತು ಡಬ್ಬಿ ಹೊಲಸು ಮಾಡಿ ಕಳಿಸಿದ್ದು ಯಾರು?"

"ನಾನು ಮಾವಶಿ."

"ಗೊತ್ತಾಯ್ತು," ಅಂದು ಫೋನು ಇಟ್ಟಳು.